ಊದಿದ ಮಂಡಿಯ ದಂಡನಾಯಕಿ

ಜನವರಿ 9

ಮಗಳೇ, ಕೋಟೆಯ ಕಾವಲಿನವಳೇ, ನಮ್ಮ ನಾಟಕ ಕಂಪನಿಯ ದಂಡನಾಯಕಿಯೇ,

ಈ ಕಾಗದವನ್ನು ಮನಸ್ಸಿನೊಳಗೆ ಓದಿಕೊಳ್ಳಬೇಡ, ಬಾಯಿಬಿಟ್ಟು ಓದು. ನಾನು ಗಟ್ಟಿಯಾಗಿ ಹೇಳಿಕೊಂಡೇ ಬರೆಯುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಉಡುಪುಗಳಿಗೆ ಗುಂಡಿ ಹೊಲಿಯುತ್ತಿರುವ ನಿನ್ನಮ್ಮ, "ಹೀಗೆ ಕೂಗಿದ್ರೆ ಅಂಚೆಗೆ ಹಾಕೋದೇ ಬೇಡ, ಅವಳಿಗೆ ಇಲ್ಲಿಂದಲೇ ಕೇಳ್ಸುತ್ತೆ" ಎಂದಳು. ಫೋನು ಮಾಡಿದರೆ ನೀನು "ಹೂಂ" ಬಿಟ್ಟು ಬೇರೆ ಮಾತಾಡುವುದಿಲ್ಲ, ನಾನು ಬೇರೆಯವರಿಗೆ ಮಾತಾಡಲು ಬಿಡುವುದಿಲ್ಲ. ಕಾಗದದಲ್ಲಾದರೆ ಇಬ್ಬರಿಗೂ ಸರದಿ ಸಿಗುತ್ತದೆ.

ಆ ದಿನದ ಮಾತು ಇನ್ನೂ ನಿಂತಿಲ್ಲ. ಕೋಟೆಗೋಡೆಯ ಮೇಲಿಂದ ನೀನು ಜಿಗಿದದ್ದು, ಕಾಲು ನೆಲಕ್ಕೆ ತಾಗಿದ ಕ್ಷಣ 'ಟಕ್' ಎಂದು ಸದ್ದಾದದ್ದು, ಆಮೇಲೂ ಜನರ ಕಡೆಗೆ ಮುಖವಿಟ್ಟು ಆ ಉದ್ದದ ಮಾತನ್ನು ಒಂದಕ್ಷರ ಬಿಡದೆ ಮುಗಿಸಿದ್ದು. ಪರದೆ ಬಿದ್ದಮೇಲೆ ತಾನೇ ನೀನು ಬಿದ್ದದ್ದು. ಮಂಡಿಯ ಲಿಗಮೆಂಟ್ ಪೂರ್ತಿ ಹರಿದಿತ್ತು ಎಂದು ಡಾಕ್ಟರು ಹೇಳಿದಾಗ ನಮ್ಮ ತಬಲದವನು ಕುರ್ಚಿ ಹುಡುಕಿಕೊಂಡು ಕೂತುಬಿಟ್ಟ. ನಾನು ಕೂರಲಿಲ್ಲ.

ಆಪರೇಷನ್ ಮುಗಿಯಿತು, ಹೊಸ ಲಿಗಮೆಂಟ್ ಕೂಡಿಸಿದ್ದಾಯಿತು, ಆಸ್ಪತ್ರೆಗೆ ಹತ್ತಿರವೆಂದು ಚಿಕ್ಕಮ್ಮನ ಮನೆಗೆ ಸೇರಿಸಿದ್ದೂ ಆಯಿತು. ಇನ್ನು ಕೇಳು. ಮೇ ತಿಂಗಳಲ್ಲಿ ಹೊಸ ರಂಗಮಂದಿರದಲ್ಲಿ ನಮ್ಮದೇ ಮೊದಲ ಆಟ. ಗೋಡೆ ಅದೇ, ಜಿಗಿತ ಅದೇ, ದಂಡನಾಯಕಿ ನೀನೇ. ಅಲ್ಲಿಯವರೆಗೆ ಸಣ್ಣ ಊರುಗಳ ಆಟಕ್ಕೆ, ನಾವೆಲ್ಲ ಮಿಡತೆ ಎಂದು ಕರೆಯುವ ಆ ಹುಡುಗಿ ನಿನ್ನ ಪಾತ್ರ ಮಾಡುತ್ತಾಳೆ. ದೂತಿಯಾಗಿ ಓಡಾಡಿಕೊಂಡಿದ್ದವಳು, ಅವಳ ಕತ್ತಿ ಇನ್ನೂ ಸೌಟಿನ ಹಾಗೆ ಆಡುತ್ತದೆ. ಬೇಗ ಎದ್ದು ಬಾ.

ಇಂತಿ,
ಅರಸ, ಮಂತ್ರಿ, ಜನ ಕಡಿಮೆಬಿದ್ದ ದಿನ ದ್ವಾರಪಾಲಕನೂ ಆದ
ನಿನ್ನ ಅಪ್ಪ


ಜನವರಿ 21

ಅಪ್ಪಾ,

ಬಾಯಿಬಿಟ್ಟೇ ಓದಿದೆ. ಮೇಲಿನ ಮನೆಯವರು ಬಾಗಿಲು ತಟ್ಟಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು.

ಇಲ್ಲಿ ಕಿಟಕಿಯಿಂದ ಎದುರುಮನೆಯ ಗೋಡೆ ಕಾಣುತ್ತದೆ. ಗೋಡೆಯಲ್ಲಿ ಒಂದು ಪೈಪು. ಇಷ್ಟೇ ದೃಶ್ಯ, ಪರದೆ ಬದಲಾಗುವುದಿಲ್ಲ. ಚಿಕ್ಕಮ್ಮ ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋದರೆ ಸಂಜೆಯವರೆಗೆ ನಾನು ಮತ್ತು ಮಂಡಿ. ಮಂಡಿ ಎಂದೆ, ಆದರೆ ಅದು ಮಂಡಿಯ ಹಾಗಿಲ್ಲ. ಚಿಪ್ಪು ಎಲ್ಲಿದೆ ಎಂದು ಹುಡುಕಬೇಕು. ಮುಟ್ಟಿದರೆ ಬೆಚ್ಚಗಿದೆ, ಒತ್ತಿದರೆ ಒಳಗೆ ನೀರು ತುಳುಕಿದಂತಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಚೀಲ ಇಡುವುದು, ತೆಗೆಯುವುದು, ಪಟ್ಟಿ ಬಿಗಿಯಾಗಿ ಸುತ್ತುವುದು, ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗುವುದು, ಪಾದವನ್ನು ಮುಂದಕ್ಕೆ ಹಿಂದಕ್ಕೆ ಆಡಿಸುವುದು. ಮತ್ತೆ ಐಸ್ ಚೀಲ.

ಮಂಡಿಯ ಕೆಳಗೆ ದಿಂಬಿಟ್ಟರೆ ಎಷ್ಟು ಹಾಯೆನಿಸುತ್ತದೆ ಗೊತ್ತಾ. ಅದೇ ಕೂಡದಂತೆ. ಕಸರತ್ತು ಮಾಡಿಸುವ ಫಿಸಿಯೋ ಮೊದಲ ದಿನವೇ ದಿಂಬನ್ನು ಕಿತ್ತುಕೊಂಡ. "ಅಕ್ಕಾ, ಹೀಗೇ ಮಡಿಸ್ಕೊಂಡಿದ್ರೆ ಕಾಲು ಮಡಿಸ್ಕೊಂಡೇ ಗಟ್ಟಿಯಾಗುತ್ತೆ. ಆಮೇಲೆ ನೆಟ್ಟಗೆ ಮಾಡೋಕೆ ನಾನು, ನೀವು, ಡಾಕ್ಟ್ರು ಮೂರೂ ಜನ ಅಳ್ಬೇಕಾಗುತ್ತೆ" ಎಂದ. ಅದಕ್ಕೆ ಹಿಮ್ಮಡಿಯ ಕೆಳಗೆ ಮಾತ್ರ ಸುತ್ತಿದ ಟವೆಲ್ಲು, ಮಂಡಿ ಗಾಳಿಯಲ್ಲಿ ತೂಗುತ್ತಾ ತನ್ನ ಭಾರಕ್ಕೆ ತಾನೇ ನೆಟ್ಟಗಾಗಬೇಕು. ನೋವು ಎಷ್ಟಿದೆ ಎಂದು ಅವನು ಕೇಳುತ್ತಾನೆ. ಎಷ್ಟಿದೆಯೋ ಅಷ್ಟು ಹೇಳುತ್ತೇನೆ.

ಹಾರುವುದು, ಜಿಗಿಯುವುದು ಎಲ್ಲ ಒಂದು ವರ್ಷ ಕಳೆದಮೇಲೆ ಎಂದು ಡಾಕ್ಟರು ಹೇಳಿದರು. ಚಿಕ್ಕಮ್ಮ ಪಕ್ಕದಲ್ಲೇ ಇದ್ದಳು, ಅವಳು ಕಾಗದ ಬರೆಯುವ ಮೊದಲು ನಾನೇ ಹೇಳಿಬಿಡುತ್ತಿದ್ದೇನೆ.

ಮಿಡತೆಗೆ ನನ್ನ ಕತ್ತಿ ಕೊಡಬೇಡ. ಬೇರೆ ಕೊಡು.

ನಿನ್ನ ಮಗಳು


ಫೆಬ್ರವರಿ 6

ಮಗಳೇ,

ಒಂದು ವರ್ಷವಂತೆ. ಡಾಕ್ಟರು ಯಾವಾಗಲೂ ಎರಡರಷ್ಟು ಹೇಳುತ್ತಾರೆ, ದರ್ಜಿಗಳು ಅರ್ಧ ಹೇಳುತ್ತಾರೆ, ಇಬ್ಬರನ್ನೂ ಕೂಡಿಸಿ ಭಾಗಿಸಿದರೆ ನಿಜ ಸಿಗುತ್ತದೆ. ಪಕ್ಕೆಲುಬು ಬಿರುಕುಬಿಟ್ಟಾಗ ನನಗೂ ಮಲಗು ಎಂದಿದ್ದರು. ಮಲಗಿದೆನೇ? ಎದೆಗೆ ಬಟ್ಟೆ ಬಿಗಿದುಕೊಂಡು ಅಟ್ಟಹಾಸದ ಪಾತ್ರ ಮಾಡಿದೆ. ನಕ್ಕಾಗಲೆಲ್ಲ ಕಣ್ಣಲ್ಲಿ ನೀರು. ಜನ ಅದನ್ನು ನೋಡಿ, ಆಹಾ, ಈ ದುಷ್ಟನಿಗೂ ಒಳಗೊಂದು ದುಃಖವಿದೆ ಎಂದುಕೊಂಡರು. ಅಲ್ಲಿಂದ ಆ ಪಾತ್ರಕ್ಕೆ ಆ ಕಣ್ಣೀರನ್ನೇ ಖಾಯಂ ಮಾಡಿದೆ.

ನೋವು ಎಲ್ಲರಿಗೂ ಬರುತ್ತದೆ. ಅದನ್ನು ಮುಖಕ್ಕೆ ಬಿಡಬೇಕೋ ಬೇಡವೋ ಎಂಬುದು ನಟನ ಕೈಯಲ್ಲಿದೆ. ನೀನು ನಡೆಯಲು ಕಲಿಯುವ ಮೊದಲೇ ಇದನ್ನು ಕಲಿತವಳು. ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ, ತೊಟ್ಟಿಲು ತಗಲಿ ಹಣೆ ಊದಿದಾಗ ಒಂದು ಸದ್ದು ಮಾಡದೆ ನನ್ನ ಮಾತು ಮುಗಿಯಲು ಕಾದ ಮಗು ನೀನು. ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ಮಿಡತೆ ನಿನ್ನೆ ಜಿಗಿಯಲಿಲ್ಲ, ಏಣಿಯಲ್ಲಿ ಇಳಿದಳು. ಹಿಂದಿನ ಸಾಲಿನಿಂದ ಒಬ್ಬ, "ಗೋಡೆಗೆ ಬಣ್ಣ ಹೊಡೆಯೋಕೆ ಬಂದಿದ್ಳಾ" ಅಂದ. ಅವನ ಮಾತಿಗೆ ಅರ್ಧ ಕಂಪನಿಯೇ ನಕ್ಕಿತು. ನಾನು ಸಿಂಹಾಸನದ ಮೇಲಿದ್ದೆ, ನಗುವ ಹಾಗಿರಲಿಲ್ಲ.

ಮೇ ತಿಂಗಳು, ಮರೆಯಬೇಡ.

ಅಪ್ಪ


ಮಾರ್ಚ್ 3

ಅಪ್ಪಾ,

ಸುದ್ದಿ ಚೆನ್ನಾಗಿದೆ. ಊರುಗೋಲು ಬಿಟ್ಟೆ. ಕಾಲು ಪೂರ್ತಿ ನೆಟ್ಟಗಾಗಿದೆ. ಫಿಸಿಯೋ ನನ್ನನ್ನು ಆಸ್ಪತ್ರೆಯ ಕಸರತ್ತಿನ ಕೋಣೆಯ ಉದ್ದಕ್ಕೂ ನಡೆಸಿ ನೋಡಿದ, ತಿರುಗಿ ನಡೆಸಿದ, "ಏನಕ್ಕಾ ಇದು, ಕುಂಟೋದೇ ಇಲ್ವಲ್ಲ" ಎಂದ. ನೋವು? ಇಲ್ಲ. ಊತ? ಅವನೇ ಒತ್ತಿ ನೋಡಿದ, ಬಹಳ ಇಳಿದಿದೆ ಎಂದ. "ಇಷ್ಟು ಬೇಗ ಯಾರೂ ಬಂದಿಲ್ಲ ಇಲ್ಲಿಗೆ" ಎಂದು ಪಕ್ಕದ ಹಾಸಿಗೆಯವರಿಗೆ ನನ್ನನ್ನು ತೋರಿಸಿದ. ಅಲ್ಲಿ ಭುಜ ಮುರಿದ ಒಬ್ಬ ಮುದುಕರಿದ್ದರು. ಒಂದೇ ಕೈಯಲ್ಲಿ ತೊಡೆ ತಟ್ಟಿ ಚಪ್ಪಾಳೆ ಹೊಡೆದರು. ಎಷ್ಟು ದಿನವಾಗಿತ್ತಪ್ಪಾ ಚಪ್ಪಾಳೆ ಕೇಳಿ.

ಮುಂದಿನ ಹಂತದ ಕಸರತ್ತು ಕೊಟ್ಟಿದ್ದಾನೆ. ಮೆಟ್ಟಿಲು ಹತ್ತುವುದು, ಅರ್ಧ ಕೂತು ಏಳುವುದು, ಭಾರ ಕಟ್ಟಿಕೊಂಡು ಕಾಲೆತ್ತುವುದು.

ಆಸ್ಪತ್ರೆಗೆ ಹೋಗುವ ದಿನ ಮೊದಲು ಚೆನ್ನಾಗಿ ಐಸಿಟ್ಟುಕೊಂಡು ಹೋಗುತ್ತೇನೆ. ಮೇಕಪ್ಪು ಮಾಡಿಕೊಂಡು ರಂಗಕ್ಕೆ ಹೋದ ಹಾಗೆ. ಚಿಕ್ಕಮ್ಮನಿಗೆ ನಿದ್ದೆ ಕಡಿಮೆ ಎಂದು ಈಗ ನಾನು ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದೇನೆ, ನಾನು ಹೊರಳಾಡಿದರೆ ಅವಳಿಗೆ ಎಚ್ಚರವಾಗುತ್ತದೆ.

ಗೋಡೆಯ ಎತ್ತರ ಹಾಗೇ ಇದೆ ತಾನೇ? ಇಳಿಸಿಲ್ಲ ತಾನೇ?

ನಿನ್ನ ಮಗಳು


ಮಾರ್ಚ್ 15

ನನ್ನ ದಂಡನಾಯಕಿಯೇ,

ನಿನ್ನ ಕಾಗದವನ್ನು ಊಟದ ಪಂಕ್ತಿಯಲ್ಲಿ ಎದ್ದು ನಿಂತು ಓದಿದೆ. ತಬಲದವನು ತಟ್ಟೆಯ ಮೇಲೆ ತಾಳ ಹಾಕಿದ. ಮಿಡತೆಯೂ ಚಪ್ಪಾಳೆ ಹೊಡೆದಳು, ಪಾಪ, ಅವಳಿಗೆ ಗೋಡೆಯಿಂದ ಬಿಡುಗಡೆ. ನಿನ್ನಮ್ಮ ಮಾತ್ರ, "ಆ ಐಸಿನ ಮಾತು ಇನ್ನೊಂದ್ಸಲ ಓದಿ" ಎಂದಳು. ಓದಿದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಗೋಡೆ ಇಳಿಸುವುದೇ? ಹೊಸ ರಂಗಮಂದಿರದ ಛಾವಣಿ ನೋಡಿಕೊಂಡು ಒಂದು ಗೇಣು ಏರಿಸಿದ್ದೇನೆ. ಪೋಸ್ಟರ್ ಅಚ್ಚಾಯಿತು. ಗಾಳಿಯಲ್ಲಿ ನೀನು, ಕೈಯಲ್ಲಿ ಕತ್ತಿ, ಕೆಳಗೆ ಪುಟ್ಟದಾಗಿ ನಾನು. ನನ್ನನ್ನು ಪುಟ್ಟದಾಗಿ ಹಾಕಿದ್ದಕ್ಕೆ ಅಚ್ಚಿನವನ ಜೊತೆ ಜಗಳವಾಡಿಲ್ಲ. ಇದನ್ನು ನೀನು ಗಮನಿಸಬೇಕು.

ಅಪ್ಪ


ಏಪ್ರಿಲ್ 5

ಭಾವ,

ನನಗೆ ನಿಮ್ಮ ಹಾಗೆ ಪೀಠಿಕೆ ಹಾಕಲು ಬರುವುದಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೊನ್ನೆ ಅಂಗಡಿಯಲ್ಲಿ ಕರೆಂಟು ಹೋಗಿ ಗಾಜು ಉಜ್ಜುವ ಯಂತ್ರ ನಿಂತಿತು. ಬೇಗ ಮನೆಗೆ ಬಂದೆ. ಕಟ್ಟಡದ ಮೆಟ್ಟಿಲಿನ ತಿರುವಿನಲ್ಲಿ ನಿಮ್ಮ ಮಗಳು ನಿಂತಿದ್ದಳು, ಕೈಯಲ್ಲಿ ನನ್ನ ಛತ್ರಿ. ಅದನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಸಮತಟ್ಟಾದ ಜಾಗಕ್ಕೆ ಹಾರಿದಳು. ನನ್ನನ್ನು ನೋಡಿದಳು. ನಕ್ಕಳು, "ಬಂದ್ಯಾ ಚಿಕ್ಕಮ್ಮ" ಎಂದಳು, ನೆಟ್ಟಗೆ ನಡೆದು ಮನೆಯೊಳಗೆ ಹೋದಳು. ಒಂದು ಚೂರೂ ಕುಂಟಲಿಲ್ಲ. ನಾನು ಚಪ್ಪಲಿ ಬಿಚ್ಚಿ ಒಳಗೆ ಹೋಗುವಷ್ಟರಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡಿದ್ದಳು, ತಳ್ಳಿ ನೋಡಿದರೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ಬೆಳಿಗ್ಗೆ ಮಂಡಿ ಕುಂಬಳಕಾಯಿಯಷ್ಟಾಗಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಸೂಜಿ ಹಾಕಿ ನೀರು ತೆಗೆದರು. ತಿಳಿ ಹಳದಿ ನೀರು, ಸಿರಿಂಜು ತುಂಬ. ರಕ್ತವಿಲ್ಲ, ಕೀವಿಲ್ಲ, ಸ್ಕ್ಯಾನು ಮಾಡಿ ಹೊಸ ಲಿಗಮೆಂಟ್ ಉಳಿದಿದೆ ಎಂದರು. ಉಳಿದದ್ದು ಅದೃಷ್ಟ ಎಂದೂ ಹೇಳಿದರು. ಒಳಗಿನ ಕೀಲು ತಿಂಗಳಿಂದ ಉರಿಯುತ್ತಿದೆಯಂತೆ. ಊತ ಇರುವವರೆಗೆ ತೊಡೆಯ ಸ್ನಾಯು ಕೆಲಸಕ್ಕೆ ಬರುವುದಿಲ್ಲವಂತೆ, ಸ್ನಾಯು ಹಿಡಿದುಕೊಳ್ಳದ ಕಾಲಿನಲ್ಲಿ ಹಾರಿದರೆ ಎಲ್ಲ ಭಾರ ಆ ಹೊಸ ಲಿಗಮೆಂಟಿನ ಮೇಲೆ.

ಫಿಸಿಯೋ ಹುಡುಗನ ಮುಖ ನೋಡಲಾಗಲಿಲ್ಲ. "ನಾನು ಪ್ರತಿಸಲ ಕೇಳ್ದೆ ಅಮ್ಮ, ನೋವಿಲ್ಲ ಅಂದ್ರು, ನಡೆದು ತೋರಿಸಿದ್ರು" ಎಂದ. ನಾನು ಅವನಿಗೆ ಹೇಳಿದೆ, "ಅದು ನಡಿಗೆ ಅಲ್ಲಪ್ಪ, ನಾಟಕ. ಅವರ ಮನೇಲಿ ಎಲ್ರೂ ಚೆನ್ನಾಗಿ ಆಡ್ತಾರೆ." ಹೋಗುವ ಮುಂಚೆ ಐಸಿಟ್ಟು ಊತ ಇಳಿಸಿಕೊಳ್ಳುತ್ತಿದ್ದಳು, ನೋವಿನ ಮಾತ್ರೆ ನುಂಗುತ್ತಿದ್ದಳು, ಬಂದಮೇಲೆ ಹೊರಗಿನ ಕೋಣೆಯಲ್ಲಿ ಒಬ್ಬಳೇ ನರಳುತ್ತಿದ್ದಳು. ನಾನು ದಿನವಿಡೀ ಬೇರೆಯವರ ಕಣ್ಣು ಸರಿಮಾಡುವವಳು, ನನಗೇ ಕಾಣಲಿಲ್ಲ.

ಮೇ ತಿಂಗಳು ಆಗುವುದಿಲ್ಲ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ, ನೀವು ಹೇಳಿ. ನಿಮಗೆ ಗಂಟಲಿದೆ.

ನಿಮ್ಮ ನಾದಿನಿ


ಏಪ್ರಿಲ್ 12

ಮಗಳೇ,

ಜಿಗಿತ ತೆಗೆದುಹಾಕಿದೆ. ಗೋಡೆಗೆ ಮೆಟ್ಟಿಲು ಹಾಕಿಸುತ್ತೇನೆ, ಇಳಿದು ಬಾ. ಮೆಟ್ಟಿಲೂ ಬೇಡವೆಂದರೆ ರಥ ಮಾಡಿಸುತ್ತೇನೆ, ನಾಲ್ಕು ಜನ ಎಳೆಯಲಿ. ರಥವೂ ಬೇಡವೆಂದರೆ ಯುದ್ಧವನ್ನೇ ಡೇರೆಯೊಳಗೆ ಇಡೋಣ, ನೀನು ಕೂತಲ್ಲಿಂದ ಅಪ್ಪಣೆ ಕೊಡು. ಪೋಸ್ಟರಿನಲ್ಲಿ ಹಾರುತ್ತಿದ್ದವಳು ಕೂತಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ನೋಡಿಕೊಳ್ಳುತ್ತೇನೆ.

ಮಂಡಿ ಹೇಗಿದೆ?

ಅಪ್ಪ


ಏಪ್ರಿಲ್ 20

ಯಜಮಾನರೇ,

ಈ ಕಾಗದ ಅಪ್ಪನಿಗಲ್ಲ. ಕಂಪನಿಯವರೆಲ್ಲ ಕರೆಯುವ ಹಾಗೆಯೇ ಕರೆದು, ಕಂಪನಿಯ ನಟಿಯಾಗಿ ಬರೆಯುತ್ತಿದ್ದೇನೆ.

ಜಿಗಿತ ತೆಗೆಯಬೇಡಿ. ಡೇರೆಯೊಳಗೆ ಕೂತ ದಂಡನಾಯಕಿಯನ್ನು ನೋಡಲು ಯಾರು ಬರುತ್ತಾರೆ? ನಾನೇ ಬರುವುದಿಲ್ಲ. ಪಾತ್ರವನ್ನು ಮಿಡತೆಗೆ ಕೊಡಿ. ಇದನ್ನು ಬರೆಯಲು ಮೂರು ದಿನದಿಂದ ಕೂರುವುದು, ಕಿಟಕಿಗೆ ಹೋಗುವುದು, ಆ ಪೈಪು ನೋಡಿ ಬರುವುದು ಮಾಡುತ್ತಿದ್ದೇನೆ. ಬರೆದಾಯಿತು. ಇನ್ನು ಹೊಡೆದುಹಾಕುವುದಿಲ್ಲ.

ಹೇಳಬೇಕಾದದ್ದು ಬೇರೆ ಇದೆ. ಫಿಸಿಯೋ ಮೊನ್ನೆ, "ಬಿದ್ದಿದ್ದು ಹೇಗೆ ಅಂತ ತೋರಿಸಿ, ಹಾರಬೇಡಿ, ನಿಂತು ತೋರಿಸಿ ಸಾಕು" ಎಂದ. ತೋರಿಸಿದೆ. ಗೋಡೆ ಎಡಗಡೆ, ಜನ ಬೆನ್ನ ಹಿಂದೆ. ಹಾರುವುದು ರಂಗದ ಒಳಮುಖಕ್ಕೆ. ಪಾದ ನೆಲಕ್ಕೆ ಊರುವುದು ಒಳಮುಖವಾಗಿ, ಅದೇ ಕ್ಷಣ ಸೊಂಟದಿಂದ ಮೇಲಕ್ಕೆ ಜನರ ಕಡೆಗೆ ತಿರುಗುವುದು. ಅವನು ತಲೆ ಕೆರೆದುಕೊಂಡ. "ಯಾಕಕ್ಕಾ ತಿರುಗ್ತೀರಿ? ಪಾದ ಊರಿಬಿಟ್ಟು ಮೈ ತಿರುಗಿಸಿದ್ರೆ ಮಧ್ಯದಲ್ಲಿ ಮಂಡಿ ತಾನೇ ತಿರುಚೋದು?"

ಜನರಿಗೆ ಬೆನ್ನು ತೋರಿಸಬಾರದಲ್ಲ ಎಂದೆ.

"ಯಾರು ಹೇಳಿದ್ದು?"

ನಾನು ಬಗ್ಗಿ ಮಂಡಿಯ ಪಟ್ಟಿ ಬಿಗಿಮಾಡಿಕೊಂಡೆ.

ಮಿಡತೆ ನನ್ನನ್ನು ನೋಡಿಯೇ ಕಲಿತವಳು, ಹಾರಿದರೆ ಅವಳೂ ಹಾಗೇ ತಿರುಗುತ್ತಾಳೆ. ಈ ಸಾಲುಗಳನ್ನು ಅವಳಿಗೆ ಓದಿ ಹೇಳಿ, ನೀವೇ ಓದಿ. ಎರಡು ಪಾದ ಒಟ್ಟಿಗೆ ಊರಲಿ. ಎರಡೂ ಮಂಡಿ ಮಡಿಯಲಿ, ಒಂದರ ಕಡೆಗೊಂದು ವಾಲದಿರಲಿ. ಹಾರಿದ ದಿಕ್ಕಿಗೇ ಎದೆ ಇರಲಿ. ಬೆನ್ನು ಕಂಡರೆ ಕಾಣಲಿ. ಪೂರ್ತಿ ನಿಂತಮೇಲೆ, ಪಾದ ಎತ್ತಿಟ್ಟು, ಆಮೇಲೆ ತಿರುಗಲಿ. ಅಷ್ಟು ಹೊತ್ತು ಜನ ಕಾಯುತ್ತಾರೆ.

ಮಂಡಿ ಹೇಗಿದೆ ಎಂದು ಕೇಳಿದ್ದೀರಿ. ಕಸರತ್ತು ಮೊದಲಿನ ಹಂತಕ್ಕೆ ಬಂದಿದೆ, ಕೂಸಿನ ಪಾಠ. ಇವತ್ತು ಮಾಡಿದ್ದು ಹೆಚ್ಚಾಯಿತೋ ಇಲ್ಲವೋ ಎಂದು ಮಂಡಿ ನಾಳೆ ಬೆಳಿಗ್ಗೆ ಹೇಳುತ್ತದಂತೆ. ಊದಿದ್ದರೆ, ಬಿಸಿಯಾಗಿದ್ದರೆ ಆ ದಿನ ಕಡಿಮೆ. ಈಗ ಎದ್ದ ಕೂಡಲೇ ಕೈಯಿಟ್ಟು ನೋಡುತ್ತೇನೆ. ನೋವು ಎಷ್ಟು ಎಂದು ಅವನು ಕೇಳಿದರೆ ಹೇಳುವುದು ಇನ್ನೂ ಕಷ್ಟ. "ಸ್ವಲ್ಪ" ಎನ್ನುತ್ತೇನೆ. ಅವನು ನಂಬದೆ ಚಿಕ್ಕಮ್ಮನ ಮುಖ ನೋಡುತ್ತಾನೆ.

ನಿಮ್ಮ ಕಂಪನಿಯ ನಟಿ


ಮೇ 12

ಮಗಳೇ,

ಅಪ್ಪ ಬರೆಯುತ್ತಿದ್ದೇನೆ. ಯಜಮಾನರಿಗೆ ಇವತ್ತು ರಜೆ.

ನಿನ್ನ ಸಾಲುಗಳನ್ನು ನಾನೇ ಓದಿದೆ, ಎಲ್ಲರ ಮುಂದೆ. "ಬೆನ್ನು ಕಂಡರೆ ಕಾಣಲಿ" ಎಂಬಲ್ಲಿ ತಬಲದವನು ನನ್ನ ಮುಖ ನೋಡಿದ. ನಾನು ಅದನ್ನು ಎರಡನೆಯ ಸಲ ಓದಿದೆ, ಹಿಂದೆ ಕೂತವರಿಗೂ ಕೇಳಲೆಂದು. ಏರಿಸಿದ್ದ ಗೇಣನ್ನು ಇಳಿಸಿದೆ. ಕೆಳಗೆ ದಪ್ಪ ಹಾಸು ಹಾಕಿಸಿ ಮೇಲೆ ಹುಲ್ಲಿನ ಬಣ್ಣದ ಬಟ್ಟೆ ಹೊದಿಸಿದೆ. ಮಿಡತೆ ಅದರ ಮೇಲೆ ಎರಡು ವಾರ ಹಾರಿ, ಹಾರಿ, "ಯಜಮಾನ್ರೇ, ಕನಸಲ್ಲೂ ಹಾರ್ತಿದೀನಿ, ನನ್ ಗಂಡ ಬೇರೆ ಮಂಚ ಕೊಡ್ಸು ಅಂತಾನೆ" ಎಂದಳು.

ನಿನ್ನೆ ಆಟ. ರಂಗಮಂದಿರ ತುಂಬಿತ್ತು, ಗೋಡೆಗೆ ಆತುಕೊಂಡು ನಿಂತವರೂ ಇದ್ದರು. ಮೂರನೆಯ ಅಂಕ, ನಾನು ಸೆರೆಸಿಕ್ಕ ಅರಸ, ಕೈಗೆ ಸರಪಳಿ. ಅವಳು ಗೋಡೆಯ ಮೇಲೆ ಕಾಣಿಸಿಕೊಂಡಳು. ತಾಳ ಏರಿತು. ಹಾರಿದಳು. ಎರಡು ಪಾದ, ಎರಡು ಮಂಡಿ, ಬೆನ್ನು ಪೂರ್ತಿ ಜನರ ಕಡೆಗೆ. ಎದ್ದಳು, ಹೆಜ್ಜೆ ಎತ್ತಿಟ್ಟಳು, ತಿರುಗಿದಳು. ಜನ ಕಾದರು, ನೀನು ಹೇಳಿದ ಹಾಗೆ. ತಿರುಗಿದಮೇಲೆ ಛಾವಣಿ ಕಿತ್ತುಹೋಗುವ ಹಾಗೆ ಚಪ್ಪಾಳೆ.

ಮುಂದಿನ ಮಾತು ನನ್ನದು. ನಿನಗೆ ಗೊತ್ತಿದೆ, ಆ ಮಾತನ್ನು ನಾನು ಜ್ವರದಲ್ಲೂ ಹೇಳಬಲ್ಲೆ. ಬಾಯಿ ತೆರೆದೆ. ಏನೂ ಇಲ್ಲ. ಪ್ರಾಂಪ್ಟರ್ ವಿಂಗಿನಿಂದ ಮೊದಲ ಪದ ಎಸೆದ, ಎರಡನೆಯದನ್ನೂ ಎಸೆದ. ಅವನು ಇಷ್ಟು ವರ್ಷದಲ್ಲಿ ನನಗೆ ಪದ ಕೊಟ್ಟವನೇ ಅಲ್ಲ, ಅವನ ದನಿಯೇ ನನಗೆ ಹೊಸದಾಗಿ ಕೇಳಿಸಿತು. ರಂಗಮಂದಿರವೆಲ್ಲ ಅವಳ ಮುಖ ನೋಡುತ್ತಿತ್ತು. ನಾನು ಅವಳ ಮಂಡಿ ನೋಡುತ್ತಿದ್ದೆ. ಚಲ್ಲಣದ ಮೇಲೆ ನಿನ್ನಮ್ಮ ಹೊಲಿದ ಕೆಂಪು ಪಟ್ಟಿ ಅಲ್ಲಾಡುತ್ತದೆಯೇ, ಕಾಲು ಭಾರ ಹೊರುತ್ತದೆಯೇ, ಇವಳು ನಗುತ್ತಿರುವುದು ನಿಜಕ್ಕೂ ನಗುತ್ತಿರುವುದೇ. ಆ ದಿನ ನೀನು ಮಾತು ಮುಗಿಸುವವರೆಗೆ ನಾನು ಎದುರಿಗೇ ನಿಂತಿದ್ದೆ, ಮಗಳೇ. ನಾಲ್ಕು ಮಾರು ದೂರ. ನಿನ್ನ ಉಚ್ಚಾರಣೆ ಕೇಳಿಸಿಕೊಳ್ಳುತ್ತಿದ್ದೆ.

ಮಿಡತೆ ಜಾಣೆ. ನನ್ನ ಸರಪಳಿಯನ್ನು ತಾನೇ ಕಿತ್ತು, "ಅರಸರಿಗೆ ಸಂತೋಷದಲ್ಲಿ ಮಾತೇ ಹೊರಡುತ್ತಿಲ್ಲ" ಎಂದು ಸೇರಿಸಿಕೊಂಡಳು. ಜನ ಅದಕ್ಕೂ ಚಪ್ಪಾಳೆ ಹೊಡೆದರು. ಒಳಗೆ ಬಂದಾಗ ನಿನ್ನಮ್ಮ ನನ್ನ ಕಿರೀಟ ತೆಗೆದಳು, ನೀರು ಕೊಟ್ಟಳು. "ಸೋಮವಾರ ಆಟ ಇಲ್ಲ" ಎಂದಳು. ಅಷ್ಟೇ.

ಬರಲೇ?

ಅಪ್ಪ


ಮೇ 17

ಅಪ್ಪಾ,

ಬಾ.

ನೀನು ಮಾತು ಮರೆತದ್ದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. "ನಿಮ್ಮಪ್ಪ ಸುಮ್ನಿದ್ರಾ? ಪೂರ್ತಿ?" ಎಂದು ಕೇಳಿದಳು, ಆಮೇಲೆ ತುಂಬ ಹೊತ್ತು ಕನ್ನಡಕ ಒರೆಸಿದಳು. ಮಿಡತೆಗೆ ನನ್ನ ಕತ್ತಿ ಕೊಟ್ಟುಬಿಡು. ಹಿಡಿ ಸ್ವಲ್ಪ ಸಡಿಲವಿದೆ, ದಾರ ಸುತ್ತಿಕೊಳ್ಳಲಿ. ಹೀಗೆ ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ, ಅದನ್ನು ಅವಳಿಗೆ ಹೇಳಬೇಡ.

ಈಗ ಬೆಳಿಗ್ಗೆ ಮಂಡಿ ತಣ್ಣಗಿರುತ್ತದೆ. ಚಿಪ್ಪಿನ ಒಂದು ಪಕ್ಕದಲ್ಲಿ ಸಣ್ಣ ಗುಳಿ ಬಿದ್ದಿದೆ, ಊತ ಇಳಿದಿದೆ ಎಂದರ್ಥ. ಇನ್ನೊಂದು ಪಕ್ಕ ಇನ್ನೂ ತುಂಬಿಕೊಂಡಿದೆ. ನಿನ್ನೆ ಫಿಸಿಯೋ ನೋವು ಕೇಳಿದಾಗ, "ಇದೆ, ಇಲ್ಲಿ, ಮೆಟ್ಟಿಲಿಳಿಯುವಾಗ" ಎಂದೆ. ಅವನು ಚಿಕ್ಕಮ್ಮನ ಮುಖ ನೋಡದೆ ಬರೆದುಕೊಂಡ.

ಸೋಮವಾರ ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಅಷ್ಟು ದೂರ ನಡೆಯಬಹುದು ಎಂದಿದ್ದಾನೆ, ನಿಧಾನವಾಗಿ. ರಸ್ತೆ ಉದ್ದವಾಗಿದೆ, ನೇರವಾಗಿದೆ, ಬಸ್ಸಿಳಿದ ಕೂಡಲೇ ನಾನು ನಿನಗೆ ಕಾಣುತ್ತೇನೆ. ಸ್ವಲ್ಪ ಕುಂಟುತ್ತಿರುತ್ತೇನೆ. ಒಂದೇ ಒಂದು ಕೇಳಿಕೊಳ್ಳುವುದು. ದೂರದಿಂದ ನನ್ನನ್ನು ಕೂಗಬೇಡ. ನಿನ್ನ ದನಿ ಕೇಳಿದರೆ ನಾನು ಓಡಿಬಿಡುತ್ತೇನೆ, ನನಗೆ ಗೊತ್ತು. ಇನ್ನೂ ಓಡುವ ಹಾಗಿಲ್ಲ.

ನಿನ್ನ ಮಗಳು